ಟ್ಯಾಕ್ಸಿ ವಿಮೆಯ ಹೊರೆ ಮತ್ತು ಬಾಡಿಗೆಯ ಲೆಕ್ಕ

ರೈಲು ಸಂಪರ್ಕವಿಲ್ಲದ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ವರ್ತಕರಿಗೆ ಗದಗ-ಬೆಟಗೇರಿಗಾಗಲಿ ಹುಬ್ಬಳ್ಳಿಗಾಗಲಿ ತುರ್ತಾಗಿ ಹೋಗಿಬರಲು ಬಾಡಿಗೆ ಕಾರೇ ಗತಿ. ಆ ಕಾರಿನ ವಿಮಾ ಕಂತು ಏರಿದರೆ ಅದರ ಪಾಲು ಅಂಗಡಿಯ ಖರ್ಚಿನ ಖಾತೆಗೂ ಬರುತ್ತದೆ.

2007ರ ಜನವರಿಯಿಂದ ವಾಹನದ ಸ್ವಂತ ಹಾನಿಯ ವಿಮಾದರವನ್ನು ಕಂಪನಿಗಳ ಪೈಪೋಟಿಗೆ ಬಿಡಲಾಯಿತು. 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯವಾದ ಮೂರನೇ ವ್ಯಕ್ತಿ ವಿಮೆಯ ದರ ಮಾತ್ರ ಸರ್ಕಾರಿ ನಿಗದಿಯಲ್ಲೇ ಉಳಿದು, 2011ರ ನಂತರ ಹಲವು ಬಾರಿ ಏರಿತು. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯಲ್ಲಿ 1000ದಿಂದ 1500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ ರೂ. 3,416. ಅದೇ ಸಾಮರ್ಥ್ಯದ ಟ್ಯಾಕ್ಸಿಗೆ ಮೂಲ ಕಂತು ರೂ. 7,940, ಮೇಲೆ ಪ್ರತಿ ಪ್ರಯಾಣಿಕನಿಗೆ ರೂ. 978. ನಾಲ್ಕು ಜನರ ಕಾರಿಗೆ ರೂ. 11,852 ಆಯಿತು, ಶೇ. 18 ಜಿ.ಎಸ್.ಟಿ. ಸೇರಿದರೆ ಸುಮಾರು ರೂ. 13,985. ಬೆಂಗಳೂರಿನಲ್ಲಿ ಹಗಲಿರುಳು ಓಡುವ ಕಾರಿಗೂ, ಮದುವೆಯ ಸುಗ್ಗಿ ಮುಗಿದೊಡನೆ ಮುಂಡರಗಿಯಲ್ಲಿ ಗಿರಾಕಿಗಾಗಿ ಕಾಯುವ ಕಾರಿಗೂ ಇದೇ ದರ! ಇದು ನ್ಯಾಯವೆನಿಸದು.

ಬಿಳಿ ಫಲಕದ ಖಾಸಗಿ ಕಾರು ಅಗ್ಗದ ಬಾಡಿಗೆಗೆ ಸಿಗುವುದಕ್ಕೆ ಈ ಅಂತರವೂ ಒಂದು ಕಾರಣ. ಆದರೆ ಖಾಸಗಿ ವಿಮಾಪತ್ರವು ಬಾಡಿಗೆ ಬಳಕೆಯನ್ನು ಒಪ್ಪುವುದಿಲ್ಲ. ಅಪಘಾತವಾದಲ್ಲಿ ಕಂಪನಿಯು ಹೊಣೆ ನಿರಾಕರಿಸಬಹುದು. ಆಗ ಗಾಯಾಳು ಪರಿಹಾರಕ್ಕಾಗಿ ಕಾರಿನ ಮಾಲೀಕನ ಬೆನ್ನು ಹತ್ತಬೇಕಾದೀತು. ಗುಮಾಸ್ತರನ್ನು ವಸೂಲಿಗೆ ಕಳುಹಿಸುವ ಮುನ್ನ ಹಳದಿ ಫಲಕವನ್ನೂ ಚಾಲ್ತಿ ವಿಮಾಪತ್ರವನ್ನೂ ನೋಡಿಕೊಳ್ಳುವುದು ಒಳಿತು.