ಮಂಗಳೂರಿನ ಮೀನೂಟದ ಹೋಟೆಲು: ಹಲವು ಅಡುಗೆಮನೆಗಳ ಒಂದು ಮೆನು

ಮಂಗಳೂರಿನ ಮೀನೂಟದ ಹೋಟೆಲುಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಮಧ್ಯಾಹ್ನದ ಹೊತ್ತಿಗೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಪಲ್ಯ, ಉಪ್ಪಿನಕಾಯಿಗಳನ್ನು ನಿಗದಿತ ದರಕ್ಕೆ ಬಡಿಸಿ, ಕಾವಲಿಯ ಮೇಲೆ ಹುರಿದ ಮೀನಿಗೆ ಮಾತ್ರ ಬೇರೆ ಹಣ ಪಡೆಯುವ ಸಾಧಾರಣ ಹೋಟೆಲು. ಹಳೆ ಬಂದರಿನ ನಾರಾಯಣ ಹೋಟೆಲು ಇದಕ್ಕೆ ಹೆಸರಾಂತ ಉದಾಹರಣೆ. ಎರಡನೆಯದು, ಹವಾನಿಯಂತ್ರಿತ ಕೋಣೆ, ಮೇಜುಬಟ್ಟೆ, ಹಲವು ಪುಟಗಳ ಮೆನುಗಳಿರುವ, ಕುಟುಂಬ ಸಮೇತರಾಗಿ ಬಂದವರು ರಾತ್ರಿಯೂಟಕ್ಕೆ ಬಿಡುವಾಗಿ ಕೂರುವ ಮೇಲ್ದರ್ಜೆಯ ಹೋಟೆಲು. ಕದ್ರಿ ಗುಡ್ಡದ ಗಜಾಲಿ ಈ ಬಗೆಯದು. ಎರಡರಲ್ಲಿಯೂ ಕಾವಲಿಗೆ ಬೀಳುವ ಮೀನು ಒಂದೇ ಕಡಲಿನದಾದರೂ, ಎರಡನೆಯ ಬಗೆಯ ಹೋಟೆಲು ಕರಾವಳಿಯ ಅಡುಗೆಯ ಚರಿತ್ರೆಯಲ್ಲಿ ಬೇರೆಯದೇ ಒಂದು ಕೆಲಸವನ್ನು ಮಾಡಿದೆ. ಜಾತಿ, ಮತ, ಭಾಷೆಗಳ ಗೋಡೆಗಳೊಳಗೆ ಪ್ರತ್ಯೇಕವಾಗಿ ಬೆಳೆದ ಅಡುಗೆಗಳನ್ನು ಒಂದೇ ಮೆನುವಿನಲ್ಲಿ ಕೂರಿಸಿ, ‘ಮಂಗಳೂರು ಅಡುಗೆ’ ಎಂಬ ಒಟ್ಟು ಹೆಸರು ನೆಲೆಗೊಳ್ಳಲು ಕಾರಣವಾದದ್ದು ಬಹುಮಟ್ಟಿಗೆ ಅದೇ.

ಈ ಹೋಟೆಲಿನ ಮಾದರಿ ರೂಪುಗೊಂಡದ್ದು ಮಂಗಳೂರಿನಲ್ಲಿ ಅಲ್ಲ, ಮುಂಬಯಿಯಲ್ಲಿ. ತುಳುನಾಡಿನಿಂದ ಅಲ್ಲಿಗೆ ವಲಸೆ ಹೋದವರು ದುಡಿಯುವ ಜನರ ಮಧ್ಯಾಹ್ನದ ಹಸಿವಿಗೆಂದು ತೆರೆದ ಊಟದ ಹೋಟೆಲುಗಳಿಗೆ ‘ಲಂಚ್ ಹೋಮ್’ ಎಂಬ ಹೆಸರು ಬಂದಿತು. ಅವುಗಳಲ್ಲಿ ಕೆಲವು ಕಾಲಕ್ರಮದಲ್ಲಿ ಕೋಣೆಯನ್ನೂ ದರವನ್ನೂ ಮೇಲ್ದರ್ಜೆಗೆ ಏರಿಸಿಕೊಂಡವು. ಕೋಟೆ ಪ್ರದೇಶದ ಮಹೇಶ್ ಲಂಚ್ ಹೋಮ್ ಮತ್ತು ಕಾಳಾ ಘೋಡಾದ ತೃಷ್ಣಾ ಮಂಗಳೂರು ಕಡೆಯ ಮೀನಡುಗೆಯನ್ನು ಸಿರಿವಂತರ ಮೇಜಿಗೆ ತಲುಪಿಸಿದ ಹೋಟೆಲುಗಳೆಂದು ಹೆಸರಾದವು. ಹೀಗೆ ಹೊರಗೆ ಹದಗೊಂಡ ಮಾದರಿ ಮುಂದೆ ತವರಿಗೆ ಮರಳಿತು. ಕದ್ರಿಯ ಗಜಾಲಿಯ ಮೂಲವೂ ಮುಂಬಯಿಯ ವಿಲೇ ಪಾರ್ಲೆಯಲ್ಲಿದೆ.

ತವರಿನಲ್ಲಿ ಅದಕ್ಕೆ ಬೇಕಾದ ಗಿರಾಕಿವರ್ಗವನ್ನು ಒದಗಿಸಿದ ಬದಲಾವಣೆಗಳಲ್ಲಿ ಪಣಂಬೂರಿನ ಪಾಲು ಗಣನೀಯವಾದುದು. ಮೊಗವೀರರ ನೆಲೆಗಳಿದ್ದ ಈ ಕಡಲತಡಿಯಲ್ಲಿ ನಿರ್ಮಾಣವಾದ ನವಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡಿತು. ಬಂದರಿಗಾಗಿ ನೆಲ ಬಿಟ್ಟುಕೊಟ್ಟ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳ ಪುನರ್ವಸತಿ ಬಡಾವಣೆಗಳಿಗೆ ಹೋದರೆ, ಬಂದರು, ರಸಗೊಬ್ಬರ ಕಾರ್ಖಾನೆ, ಕುದುರೆಮುಖ ಕಂಪನಿಯ ಉಂಡೆ ಅದಿರಿನ ಘಟಕ, ಆನಂತರ ತೈಲ ಸಂಸ್ಕರಣಾಗಾರ ಇವುಗಳ ಕೆಲಸಕ್ಕಾಗಿ ದೇಶದ ನಾನಾ ಭಾಗಗಳ ಎಂಜಿನಿಯರುಗಳೂ ಅಧಿಕಾರಿಗಳೂ ಇಲ್ಲಿಗೆ ಬಂದರು. ತಿಂಗಳ ಸಂಬಳದ, ಊರಿನ ಯಾವ ಮನೆಯ ಅಡುಗೆಗೂ ನೇರ ಪ್ರವೇಶವಿಲ್ಲದ ಈ ವರ್ಗಕ್ಕೆ ಕರಾವಳಿಯ ರುಚಿಯನ್ನು ಪರಿಚಯಿಸುವ ದಾರಿ ಹೋಟೆಲೇ ಆಗಿತ್ತು.

ಮೆನುವನ್ನು ಬಿಡಿಸಿ ನೋಡಿದರೆ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಸಮುದಾಯದ ಒಲೆ ಕಾಣಸಿಗುತ್ತದೆ. ಹುರಿದ ಮೆಣಸು, ಕೊತ್ತಂಬರಿ, ತೆಂಗಿನತುರಿಗಳನ್ನು ಅರೆದು ಮಾಡುವ ದಪ್ಪ ಸಾರಾದ ಗಸಿಯೂ, ತೆಂಗಿನಕಾಯಿಯ ಹಂಗಿಲ್ಲದೆ ಹುಣಸೆ, ಮೆಣಸುಗಳ ಬಲದಿಂದಲೇ ನಿಲ್ಲುವ ಪುಳಿಮುಂಚಿಯೂ ತುಳುವರ ಮನೆಗಳವು. ಅಕ್ಕಿಯ ಗರಿಗರಿ ಹಾಳೆಗಳ ಮೇಲೆ ಕೋಳಿಸಾರು ಸುರಿದು ತಿನ್ನುವ ಕೋರಿರೊಟ್ಟಿ ಬಂಟರ ಔತಣಗಳೊಂದಿಗೆ ಹೊಂದಿಕೊಂಡ ತಿನಿಸು. ಈರುಳ್ಳಿ, ಬೆಳ್ಳುಳ್ಳಿಗಳ ಬದಲು ‘ತೆಪ್ಪಳ’ವೆಂಬ ಕಾಡುಮರದ ಘಮಘಮಿಸುವ ಕಾಯನ್ನು ಹಾಕಿದ ಬಂಗುಡೆಯ ಸಾರು ಕೊಂಕಣಿಗರದು. ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಸಿನ, ಲವಂಗ, ದಾಲ್ಚಿನ್ನಿಗಳನ್ನು ಬೆರೆಸಿದ ಬಫಾತ್ ಪುಡಿಯ ಪದಾರ್ಥಗಳೂ, ಉಬ್ಬಿದ ಮೆತ್ತನೆಯ ಸಣ್ಣಾಸೂ ಕ್ರೈಸ್ತರವು. ಅಕ್ಕಿಹಿಟ್ಟಿನ ಪತ್ತಿರ್ ಬ್ಯಾರಿ ಮುಸ್ಲಿಮರದು. ಯಾವ ಒಂದು ಮನೆಯಲ್ಲಿಯೂ ಇವೆಲ್ಲ ಒಟ್ಟಿಗೆ ಬೇಯುವ ರೂಢಿಯಿರಲಿಲ್ಲ. ಇವುಗಳ ನಡುವೆ ಹೋಟೆಲಿನಲ್ಲಿಯೇ ಬೆಳೆದ ತಿನಿಸುಗಳೂ ಸೇರಿಕೊಂಡಿವೆ: ಬ್ಯಾಡಗಿ ಮೆಣಸಿನ ಮಸಾಲೆಯನ್ನು ತುಪ್ಪದಲ್ಲಿ ಕೆಂಪಗೆ ಬಾಡಿಸಿ ಮಾಡುವ ಘೀ ರೋಸ್ಟ್ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನ ಹೆಸರಿನೊಂದಿಗೆ ಬೆಸೆದುಕೊಂಡಿದ್ದರೆ, ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸುಗಳ ಏಡಿಯನ್ನು ಪ್ರಸಿದ್ಧಿಗೆ ತಂದದ್ದು ಮುಂಬಯಿಯ ತೃಷ್ಣಾ.

ಮನೆಯಡುಗೆಯನ್ನು ಹೋಟೆಲಿಗೆ ತರುವ ಈ ಕ್ರಮವನ್ನು ಯೋಜನಾಬದ್ಧವಾಗಿ ಕೈಗೊಂಡದ್ದು ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ ತಾಜ್ ಸಮೂಹವು 1990ರಲ್ಲಿ ತೆರೆದ ‘ಕರಾವಳಿ’. ಗೋವೆಯಿಂದ ಕೇರಳದವರೆಗಿನ ಮನೆಗಳ ಪಾಕಗಳನ್ನು ಕಲೆಹಾಕಿ ಕಟ್ಟಿದ ಈ ಭೋಜನಶಾಲೆಯಲ್ಲಿ ದುಡಿದ ಶ್ರೀರಾಮ್ ಐಲೂರ್, 1999ರಲ್ಲಿ ಲಂಡನ್ನಿನಲ್ಲಿ ಆರಂಭವಾದ ‘ಕ್ವಿಲಾನ್’ನ ಬಾಣಸಿಗರಾದರು, 2008ರಲ್ಲಿ ಅದಕ್ಕೆ ಮಿಷೆಲಿನ್ ತಾರೆ ದೊರೆಯಿತು. ಪಶ್ಚಿಮ ಕರಾವಳಿಯ ಮನೆಯೂಟವು ಜಗತ್ತಿನ ದುಬಾರಿ ಮೇಜಿನ ಮೇಲೆ ನಿಲ್ಲಬಲ್ಲದೆಂಬ ಮಾತಿಗೆ ಇದರಿಂದ ಆಧಾರ ಸಿಕ್ಕಿತು.

ಮಂಗಳೂರಿನ ಮೇಲ್ದರ್ಜೆಯ ಮೀನು ಹೋಟೆಲುಗಳಲ್ಲಿ ಕಾಣುವ ವಿಶಿಷ್ಟ ಪದ್ಧತಿಯೆಂದರೆ ಮೀನಿನ ತಟ್ಟೆಯನ್ನು ಮೇಜಿಗೇ ತಂದು ತೋರಿಸುವುದು. ಅಂದು ಬಂದ ಮಾಂಜಿ, ಅಂಜಲ್, ಕಾಣೆ, ಮುರು, ಸಿಗಡಿ, ಏಡಿಗಳನ್ನು ಹಸಿಯಾಗಿಯೇ ತಂದಿಟ್ಟಾಗ, ಕಣ್ಣು ತಿಳಿಯಾಗಿದೆಯೇ, ಕಿವಿರು ಕೆಂಪಾಗಿದೆಯೇ ಎಂದು ನೋಡಿ ಗಿರಾಕಿಯು ತನ್ನ ಮೀನನ್ನೂ ಅದನ್ನು ಬೇಯಿಸುವ ಬಗೆಯನ್ನೂ ಗೊತ್ತುಮಾಡುತ್ತಾನೆ. ಮೆನುವಿನಲ್ಲಿ ಇಂತಹ ಮೀನುಗಳ ಎದುರು ಅಂಕಿಗೆ ಬದಲಾಗಿ ‘ಎಪಿಎಸ್’ ಎಂಬ ಮೂರಕ್ಷರಗಳಿರುತ್ತವೆ. ಗಾತ್ರಕ್ಕೆ ತಕ್ಕ ದರವೆಂಬುದು ಇದರ ತಾತ್ಪರ್ಯ. ಅಗಲವಾದ ಮಾಂಜಿಗೆ ಗೀರು ಹಾಕಿ, ಮಸಾಲೆ ಮೆತ್ತಿ ಇಡಿಯಾಗಿ ತವಾ ಫ್ರೈ ಮಾಡುವುದು, ದೊಡ್ಡ ಅಂಜಲನ್ನು ತುಂಡುಮಾಡಿ ಹುರಿಯುವುದು, ಎಳಸಾದ ಕಾಣೆಗೆ ರವೆ ಹೊರಳಿಸಿ ಗರಿಗರಿಯಾಗಿಸುವುದು ರೂಢಿ. ಜೊತೆಗೆ ಬರುವ ನೀರುದೋಸೆಗೆ ತನ್ನದೇ ಗಾಢ ರುಚಿಯಿಲ್ಲದಿರುವುದರಿಂದಲೇ ಅದು ಖಾರದ ಗಸಿಗೆ ಒಪ್ಪುತ್ತದೆ.

ಗೋಡೆ, ದೀಪ, ಮೇಜುಗಳು ಎಷ್ಟೇ ಬದಲಾದರೂ ಈ ಹೋಟೆಲಿನ ಗುಣ ನಿರ್ಧಾರವಾಗುವುದು ಹಳೆ ಬಂದರಿನ ದಕ್ಕೆಯಲ್ಲಿ, ಅಂದರೆ ದೋಣಿಗಳು ಮೀನಿಳಿಸುವ ಕಟ್ಟೆಯಲ್ಲಿ. ಹಲವು ದಿನ ಕಡಲಲ್ಲಿದ್ದು ಮಂಜುಗಡ್ಡೆಯಲ್ಲಿ ಮೀನು ತರುವ ಆಳಸಮುದ್ರದ ಬೋಟುಗಳಿಗಿಂತ, ಬೆಳಿಗ್ಗೆ ಹೋಗಿ ಅಂದೇ ಮರಳುವ ದೋಣಿಗಳ ಮೀನಿಗೆ ಮರ್ಯಾದೆ ಹೆಚ್ಚು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ, ಮೀನುಗಳ ಸಂತಾನವೃದ್ಧಿಯ ಕಾಲವೆಂದು ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಆಗ ನಾಡದೋಣಿಗಳು ತರುವ ಅಲ್ಪಸ್ವಲ್ಪ ತಾಜಾ ಮೀನಿಗೆ ಪೈಪೋಟಿ ನಡೆಯುತ್ತದೆ. ಉಳಿದ ಬೇಡಿಕೆಯನ್ನು ಶೀತಲೀಕರಿಸಿದ ದಾಸ್ತಾನೂ ಹೊರಗಿನ ಮೀನೂ ತುಂಬುತ್ತವೆ. ಮಳೆಗಾಲದ ತಟ್ಟೆ ಚಿಕ್ಕದಾಗಿದ್ದರೆ ಅದನ್ನು ಹೋಟೆಲಿನ ಕೊರತೆಯೆನ್ನುವುದಕ್ಕಿಂತ ಪ್ರಾಮಾಣಿಕತೆಯೆನ್ನುವುದು ಸರಿ.

ಆದರೆ ಮೆನುವಿನ ಈ ಒಗ್ಗೂಡಿಕೆ ಪೂರ್ಣವಾದುದೇನಲ್ಲ. ಕರಾವಳಿಯ ಮನೆಗಳಲ್ಲಿ ಹೆಚ್ಚು ಬೇಯುವ ಅಗ್ಗದ ಬೂತಾಯಿಗೆ, ಮುಳ್ಳು ಜಾಸ್ತಿಯೆಂಬ, ವಾಸನೆ ಗಾಢವೆಂಬ ಕಾರಣಕ್ಕೆ, ಮಾಂಜಿ, ಅಂಜಲ್‌ಗಳ ಮುಂದೆ ಹಿಂದಿನ ಸಾಲೇ ಗತಿ. ಮಳೆಗಾಲದ ಗಂಜಿಗೆ ಜೊತೆಯಾಗುವ ಒಣಮೀನಿನ ಚಟ್ನಿಯೂ, ಒಣಸಿಗಡಿಯ ಚಟ್ನಿಯೂ ಅಪರೂಪವಾಗಿ ಮಾತ್ರ ಇಲ್ಲಿ ಕಾಣಸಿಗುತ್ತವೆ. ಸಮುದಾಯಗಳ ಗೋಡೆಯನ್ನು ದಾಟಿದ ಮೆನು, ಬೆಲೆಯ ಗೋಡೆಯನ್ನು ಇನ್ನೂ ದಾಟಿಲ್ಲ. ಬೂತಾಯಿಯ ಪುಳಿಮುಂಚಿಯನ್ನು ಅಂಜಲಿನಷ್ಟೇ ಮುತುವರ್ಜಿಯಿಂದ ಬಡಿಸುವ ಹೋಟೆಲಿಗೆ ‘ಮಂಗಳೂರು ಅಡುಗೆ’ ಎಂಬ ಫಲಕ ಪೂರ್ತಿಯಾಗಿ ಒಪ್ಪುತ್ತದೆ.