ಕುಂಡಕ್ಕೂ ಉಸಿರು ಬೇಕು

ಮಕ್ಕಳೇ, ಮೊದಲೇ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮನೆಯ ಮಲ್ಲಿಗೆ ಸಸಿ ಸತ್ತದ್ದು ನನ್ನಿಂದ, ನನ್ನ ಮೊಮ್ಮಗಳಿಂದಲ್ಲ.

ನಮ್ಮೂರು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಜೊತೆ ನಡೆದ ಮೈಲಾರ ಮಹಾದೇವಪ್ಪನವರು ಹುಟ್ಟಿದ ಊರು. ಬೇಸಿಗೆ ರಜೆಗೆ ಹುಬ್ಬಳ್ಳಿಯಿಂದ ಬಂದಿದ್ದ ಮೊಮ್ಮಗಳು ಮನೆ ಮುಂದಿನ ಕಟ್ಟೆಯ ಮೇಲಿದ್ದ ಮಣ್ಣಿನ ಕುಂಡ ನೋಡಿ, “ಅಜ್ಜಾ, ಇದಕ್ಕ ಬಣ್ಣಾ ಹಚ್ಚೂಣು?” ಅಂದಳು. ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಎಣ್ಣೆಬಣ್ಣದ ಡಬ್ಬಿ ಕೊಟ್ಟೆ. ಅವಳು ಹೊರಗೂ ಒಳಗೂ ದಪ್ಪಗೆ ಬಳಿದಳು. ನೀರು ಸೋರಿ ಕಟ್ಟೆ ಹೊಲಸಾಗಬಾರದೆಂದು ತಳದ ತೂತಿಗೆ ನಾನೇ ಸಿಮೆಂಟು ಮೆತ್ತಿದೆ. ಕುಂಡ ಥಳಥಳ ಹೊಳೆಯಿತು.

ಅದರಲ್ಲಿ ಮಲ್ಲಿಗೆ ಸಸಿ ನೆಟ್ಟೆವು. ಅವಳ ಅಜ್ಜಿ ತವರುಮನೆಯ ಬಳ್ಳಿಯಿಂದ ಕಡ್ಡಿ ತಂದು ಬೇರು ಬಿಡಿಸಿದ್ದ ಸಸಿ ಅದು. ಎರಡು ವಾರದಲ್ಲಿ ಎಲೆ ಹಳದಿಯಾದವು. ಬಿಸಿಲು ಹೆಚ್ಚಾಯಿತೆಂದು ಇನ್ನಷ್ಟು ನೀರು ಹಾಕಿದೆವು. ಕೊನೆಗೆ ಕಿತ್ತು ನೋಡಿದರೆ ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಮೊಮ್ಮಗಳು ಅತ್ತಳು. ಅವಳಜ್ಜಿ ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಒಳ್ಳೆಯದಿತ್ತು.

ಮರುದಿನ ಖಾಲಿ ಕುಂಡ ಹಿಡಿದುಕೊಂಡು, ಅದನ್ನು ಕೊಂಡಿದ್ದ ಕುಂಬಾರರ ಮನೆಗೆ ಇಬ್ಬರೂ ಹೋದೆವು. ಆ ಮನೆಯ ಹಿರಿಯವ್ವ ಕುಂಡದ ಒಳಗೆ ಕೈಯಾಡಿಸಿ ನಕ್ಕಳು. “ಬಾಯಿ ಮುಚ್ಚಿ, ಮೂಗು ಮುಚ್ಚಿ, ನೀರು ಕುಡಿ ಅಂದ್ರ ಅದು ಹೆಂಗ ಬದುಕತೈತಿ, ತಂಗಿ? ಮಣ್ಣಿಗೂ ಉಸಿರು ಐತಿ.”

ಆಮೇಲೆ ಒಂದು ಹೊಸ ಗಡಿಗೆಯಲ್ಲಿ ನೀರು ತುಂಬಿಸಿ, ಪಕ್ಕದಲ್ಲಿ ನಮ್ಮ ಹಸಿರು ಕುಂಡದಲ್ಲೂ ತುಂಬಿಸಿ, “ಕುಂತು ನೋಡ್ರಿ” ಅಂದಳು. ಸ್ವಲ್ಪ ಹೊತ್ತಿಗೆ ಗಡಿಗೆಯ ಮೈ ಬೆವರಿದಂತೆ ತೇವವಾಯಿತು. ನಮ್ಮ ಕುಂಡದ ಮೈ ಒಣಗಿಯೇ ಇತ್ತು.

ಕಾರಣ ಸರಳ. ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಒಳಗಿನ ನೀರು ಅವುಗಳ ಮೂಲಕ ಮೆಲ್ಲಗೆ ಹೊರಬಂದು ಆವಿಯಾಗುತ್ತದೆ. ಆವಿಯಾಗುವಾಗ ಶಾಖವನ್ನೂ ಒಯ್ಯುತ್ತದೆ. ಹರವಿಯ ನೀರು ತಂಪಾಗುವುದು ಇದರಿಂದಲೇ. ಹೂಕುಂಡದಲ್ಲಾದರೆ ಹೆಚ್ಚಾದ ತೇವ ಹೊರಗೆ ಹೋಗಿ, ಬೇರಿಗೆ ಗಾಳಿ ಸಿಗುತ್ತದೆ. ಬೇರುಗಳಿಗೂ ಗಾಳಿ ಬೇಕು. ಎಣ್ಣೆಬಣ್ಣ ರಂಧ್ರಗಳನ್ನೆಲ್ಲ ಮುಚ್ಚಿತು, ಸಿಮೆಂಟು ತೂತನ್ನು ಮುಚ್ಚಿತು. ನಿಂತ ನೀರಲ್ಲಿ ಬೇರು ಉಸಿರುಗಟ್ಟಿತು.

“ಹಂಗಾರ ಬಣ್ಣಾನ ಹಚ್ಚಬಾರದೇನು?” ಮೊಮ್ಮಗಳ ಮುಖ ಸಣ್ಣದಾಯಿತು.

ಹಿರಿಯವ್ವ ಒಳಗಿನಿಂದ ಒಂದು ಗಡಿಗೆ ತಂದು ಮುಂದಿಟ್ಟಳು. ಸುಣ್ಣ ಬಳಿದ ಬಿಳಿ ಮೈ, ಅದರ ಮೇಲೆ ಕೆಂಪು, ಹಸಿರು ಗೆರೆ, ಸುತ್ತಲೂ ಚುಕ್ಕೆ. ನೋಡಿದ ಕೂಡಲೇ ನನಗೆ ನನ್ನ ಮದುವೆ ನೆನಪಾಯಿತು. ಅದು ಐರಾಣಿ! ನಮ್ಮ ಕಡೆ ಮದುವೆಗೆ ಮುನ್ನ ಬಾಜಾ ಬಜಂತ್ರಿಯೊಂದಿಗೆ ಕುಂಬಾರರ ಮನೆಗೆ ಹೋಗಿ, ಅವರಿಗೆ ಕಾಳು, ಕುಬಸ ಕೊಟ್ಟು, ಬಣ್ಣ ಬರೆದ ಈ ಗಡಿಗೆಗಳನ್ನು ಹೊತ್ತು ತರುತ್ತಾರೆ. ಈ ಓದು ಹಿಡಿದಿರುವ ಅಜ್ಜ-ಅಜ್ಜಿಯರಲ್ಲಿ ಎಷ್ಟೋ ಜನರ ಮದುವೆಗೂ ಐರಾಣಿ ಬಂದಿರುತ್ತದೆ. ಮಕ್ಕಳೇ, ಒಮ್ಮೆ ಕೇಳಿ ನೋಡಿ.

“ಬಣ್ಣ ನಮ್ಮ ಗಡಿಗಿಗೆ ಹೊಸಾದಲ್ಲವ್ವ,” ಅಂದಳು ಹಿರಿಯವ್ವ. “ಆದರ ಸುಣ್ಣ ಉಸಿರು ಕಟ್ಟಸೂದಿಲ್ಲ.”

ಹೊಸದಂತೂ ಅಲ್ಲವೇ ಅಲ್ಲ. ನಮ್ಮ ಹಾವೇರಿ ಜಿಲ್ಲೆಯದೇ ಹಳ್ಳೂರು ತುಂಗಭದ್ರೆಯ ದಂಡೆಯಲ್ಲಿದೆ. 1960ರ ದಶಕದಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅಲ್ಲಿ ಅಗೆದು ನೋಡಿದಾಗ ಸಿಕ್ಕ ಮಡಕೆ ಚೂರುಗಳಲ್ಲಿ ಕಪ್ಪು-ಕೆಂಪು ಮೈಯ ಮೇಲೆ ಬಿಳಿ ಗೆರೆ ಎಳೆದವೂ ಇದ್ದವು. ಅವು ಸುಮಾರು 3,000 ವರ್ಷದ ಹಿಂದಿನವು. ಆಗಲೂ ಯಾರೋ ಒಬ್ಬರಿಗೆ ಬರಿಯ ಮಡಕೆ ಸಾಲದೆನಿಸಿತ್ತು!

ಹಿರಿಯವ್ವನ ಕಣ್ಣು ಈಗ ಮಂಜಾಗಿವೆ. ಮಗ ಗಡಿಗೆ ಮಾಡುತ್ತಾನೆ, ಆದರೆ ಸಣ್ಣ ಗೆರೆ ಎಳೆಯುವವರು ಮನೆಯಲ್ಲಿ ಬೇರೆ ಯಾರೂ ಇಲ್ಲ. ಆ ವಾರ ಒಂದು ಮದುವೆಯ ಐರಾಣಿ ಕೊಡಬೇಕಿತ್ತು. “ಕೈ ನಡಗತಾವು. ಈ ಚುಕ್ಕಿ ಇಡತೀಯೇನು ತಂಗಿ?” ಎಂದು ಕಡ್ಡಿಗೆ ಹತ್ತಿ ಸುತ್ತಿ ಮೊಮ್ಮಗಳ ಕೈಗೆ ಕೊಟ್ಟಳು. ಹುಡುಗಿ ಉಸಿರು ಬಿಗಿಹಿಡಿದು ಚುಕ್ಕೆ ಇಟ್ಟಳು. ಮೊದಲ ಸಾಲು ಸೊಟ್ಟ. ಎರಡನೆಯದು ಪರವಾಗಿಲ್ಲ. ಮೂರನೆಯ ದಿನಕ್ಕೆ ನನ್ನನ್ನು ಬಿಟ್ಟು ಒಬ್ಬಳೇ ಹೋಗತೊಡಗಿದಳು. ಮದುವೆಯವರು ಬಾಜಾ ಬಾರಿಸುತ್ತ ಬಂದು ಆ ಗಡಿಗೆಗಳನ್ನು ಹೊತ್ತೊಯ್ದಾಗ, ಅವಳು ಬಾಗಿಲಲ್ಲಿ ನಿಂತು ಓಣಿ ತಿರುಗುವ ತನಕ ನೋಡಿದಳು.

ನೀವೂ ಕುಂಡಕ್ಕೆ ಬಣ್ಣ ಹಚ್ಚಬಹುದು. ನಾವು ಕಲಿತದ್ದು ಇಷ್ಟು:

1. ತಳದಲ್ಲಿ ತೂತಿರುವ ಕುಂಡವನ್ನೇ ಆರಿಸಿ. ತೂತನ್ನು ಎಂದೂ ಮುಚ್ಚಬೇಡಿ. ಕೆಳಗೊಂದು ತಟ್ಟೆ ಇಡಿ.

2. ಧೂಳನ್ನೂ, ಹಳೆಯ ಕುಂಡದ ಮೇಲಿನ ಬಿಳಿ ಉಪ್ಪನ್ನೂ ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ. ಎರಡು ದಿನ ಬಿಸಿಲಲ್ಲಿ ಒಣಗಿಸಿ. ತೇವವಿದ್ದರೆ ಬಣ್ಣ ಪೊರೆಯಾಗಿ ಏಳುತ್ತದೆ.

3. ಸುಣ್ಣಕ್ಕೆ ಸ್ವಲ್ಪ ಗೋಂದು ಬೆರೆಸಿ ತೆಳ್ಳಗೆ ಬಳಿಯಿರಿ. ಸುಣ್ಣ ಕಣ್ಣಿಗೆ, ಚರ್ಮಕ್ಕೆ ಅಪಾಯ. ಅದನ್ನು ಕಲಸುವ, ಬಳಿಯುವ ಕೆಲಸ ದೊಡ್ಡವರದು.

4. ಒಣಗಿದ ಮೇಲೆ ಕೆಮ್ಮಣ್ಣಿನಿಂದ ಚಿತ್ರ ಬರೆಯಿರಿ. ಮಳೆ ಬೀಳುವ ಕಡೆ ಇಡುವುದಾದರೆ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಬಣ್ಣ ವಾಸಿ. ಅದು ಒಣಗಿದ ಮೇಲೆ ನೀರಿಗೆ ಕರಗದು. ಆದರೆ ಅದು ರಂಧ್ರ ಮುಚ್ಚುವುದರಿಂದ, ಕುಂಡದ ಹೆಚ್ಚಿನ ಭಾಗ ಬರಿಯ ಮಣ್ಣಾಗಿಯೇ ಉಳಿಯಲಿ.

5. ಒಳಗೆ ಯಾವ ಬಣ್ಣವೂ ಬೇಡ.

ಕೆಮ್ಮಣ್ಣಿನ ಕೆಂಪು ಅದರಲ್ಲಿರುವ ಕಬ್ಬಿಣದ ಅಂಶದಿಂದ ಬಂದದ್ದು. ಸುಣ್ಣವೋ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ.

ಊರಿಗೆ ಹೊರಡುವ ಮುಂಚೆ ಮೊಮ್ಮಗಳು ಹೊಸ ಕುಂಡವೊಂದರ ಮೇಲೆ ಸಾಲು ಸಾಲು ಬ್ಯಾಡಗಿ ಮೆಣಸಿನಕಾಯಿ ಬರೆದಳು. ಸುಕ್ಕು ಸಮೇತ! ಸುಕ್ಕಿಲ್ಲದಿದ್ದರೆ ಅದು ಬ್ಯಾಡಗಿಯದಲ್ಲವಂತೆ. ಅವಳಜ್ಜಿ ತವರಿಗೆ ಹೇಳಿ ಕಳಿಸಿ, ಅದೇ ಬಳ್ಳಿಯ ಇನ್ನೊಂದು ಕಡ್ಡಿ ತರಿಸಿದಳು. ಈಗ ಅದು ನಾಲ್ಕು ಎಲೆ ಬಿಟ್ಟಿದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಾವು ದೊಣ್ಣೆ ಹಿಡಿಯಲಿಲ್ಲ, ಆದರೂ ಒಂದು ಕುಂಡವನ್ನು ಕೆಡಿಸಿದೆವು. ಆ ಹಸಿರು ಕುಂಡ ಈಗಲೂ ಕಟ್ಟೆಯ ಮೇಲಿದೆ, ಗಿಡವಿಲ್ಲದೆ. ಭಾನುವಾರ ಹುಬ್ಬಳ್ಳಿಯಿಂದ ಫೋನು ಬಂದಾಗ ಮೊಮ್ಮಗಳು ಎರಡು ಮಾತು ಕೇಳುತ್ತಾಳೆ: “ಮಲ್ಲಿಗಿ ಹೆಂಗೈತಿ ಅಜ್ಜಾ?” ಮತ್ತೆ, “ಮುಂದಿನ ಮದುವಿ ಯಾವಾಗ? ಐರಾಣಿ ಬರಿಯಾಕ ಬರತೀನಿ ಅಂತ ಅವ್ವಗ ಹೇಳು.”

ಹೇಳಿದ್ದೇನೆ. ಹಿರಿಯವ್ವ ಕಾಯುತ್ತಿದ್ದಾಳೆ.