ಕರೆಂಟು ಹುಟ್ಟುವ ಊರಲ್ಲೇ ಗಾಡಿ ನಿಂತಿತು

ಕುಡತಿನಿ ನಮ್ಮೂರು. ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರ ಇರುವುದು ಇಲ್ಲೇ. ಮೂರು ಘಟಕ ಸೇರಿ 1,700 ಮೆಗಾವ್ಯಾಟ್. ‘ಬೂದಿ ನಮಗೆ, ಬೆಳಕು ನಾಡಿಗೆ’ ಅಂತ ಕಟ್ಟೆ ಮೇಲೆ ಕೂತವರು ಆಡಿಕೊಳ್ತಾರೆ. ಇಂಥ ಊರಿನ ನನ್ನ ಮಗನ ಗಾಡಿ ಕರೆಂಟಿಲ್ಲದೆ ನಡುದಾರಿಯಲ್ಲಿ ನಿಂತಿತು. ಬ್ಯಾಟರಿ ಗಾಡಿ ಕೊಳ್ಳುವ ಯೋಚನೆ ಇದ್ದವರಿಗೆ ಉಪಯೋಗವಾದೀತು ಅಂತ ಬರೆದಿದ್ದೇನೆ.

ನಮ್ಮದು ಐದೆಕರೆ ಎರೆಭೂಮಿ. ಹಿಂಗಾರಿ ಜೋಳ, ಕಡಲೆ. ಎಲ್ಲಾ ಮಳೆ ನಂಬಿದ ಬೇಸಾಯ. ಎರಡು ವರ್ಷ ಮಳೆ ಕೈಕೊಟ್ಟಾಗ ಮಗ ಸಾಲ ಮಾಡಿ ಬ್ಯಾಟರಿಯ ಮೂರು ಗಾಲಿ ಸರಕು ಆಟೋ ತಂದ. ಊರವರ ಕಾಯಿಪಲ್ಲೆ ಬಳ್ಳಾರಿಗೆ ಒಯ್ಯುವ ಬಾಡಿಗೆಯಲ್ಲೇ ಕಂತು ಕಟ್ಟಬೇಕು. ಹೋಗಿಬರಲು 45 ಕಿ.ಮೀ. ಆಸುಪಾಸು. ಕಾಗದದಲ್ಲಿ ನೂರರ ಮೇಲೆ ಬರೆದಿದ್ದರೂ, ಲೋಡು ಹೇರಿದರೆ ನಮಗೆ ಸಿಗುವುದು ಸುಮಾರು 75. ಒಂದು ಟ್ರಿಪ್ಪಿಗೆ ತೊಂದರೆ ಇಲ್ಲ. ಎರಡನೆಯದಕ್ಕೆ ಸಾಲದು.

ಆ ರಾತ್ರಿ

ಹೋದ ಹಿಂಗಾರಿಯಲ್ಲಿ ಎರಡನೇ ಟ್ರಿಪ್ಪಿಗೆ ಹೋದವನು ಬಳ್ಳಾರಿಯಲ್ಲಿ ಒಂದು ಚಾರ್ಜಿಂಗ್ ಪಾಯಿಂಟು ಹುಡುಕಿದ. ಅದು ಕಾರಿನದು, ನಮ್ಮ ಗಾಡಿಗೆ ಅದರ ಗನ್ನು ಕೂಡಲಿಲ್ಲ. ಹೆಂಗೋ ಮುಟ್ಟುತ್ತೆ ಅಂತ ಹೊರಟ. ‘ಅಪ್ಪಾ, ವೇಣಿವೀರಾಪುರದ ಹತ್ರ ಗಾಡಿ ನಿಂತುಬಿಟ್ಟೈತಿ’ ಅಂತ ಫೋನು ಬಂತು. ಗಾಡಿಯಲ್ಲಿ ನೆರೆಯವರ ಕಡಲೆ ಬೀಜ ಇತ್ತು. ಟ್ರ್ಯಾಕ್ಟರ್ ಕಟ್ಟಿ ಎಳೆದು ತರುವಷ್ಟರಲ್ಲಿ ಬೆಳಗಾಯಿತು. ಕೂರಿಗೆ ಹೂಡಿ ಕಾದಿದ್ದ ಅವರ ಆಳುಗಳು ಬೇರೆ ಹೊಲಕ್ಕೆ ಹೋಗಿದ್ದರು. ಬಿತ್ತುವುದು ಮೂರು ದಿನ ತಡವಾಗಿ ಹಸಿ ಆರಿತು. ಆಮೇಲೆ ಅವರು ನಮಗೆ ಬಾಡಿಗೆ ಕೊಡಲಿಲ್ಲ. ತಪ್ಪು ನಮ್ಮದೇ.

ಲೆಕ್ಕ ಹಿಂಗಿದೆ

ನಮ್ಮ ಬ್ಯಾಟರಿ 8 ಯೂನಿಟ್ಟಿನದು. ಬಿಸಿಯಾಗಿ ಹೋಗುವುದೂ ಸೇರಿ ಮೀಟರಿನಲ್ಲಿ 9 ಓಡುತ್ತದೆ. 15 ಆಂಪಿನ ಸಾಕೆಟ್ಟಿಗೆ ಹಚ್ಚಿದರೆ ಸುಮಾರು ನಾಲ್ಕು ತಾಸು. ದಿನವೂ ಪೂರ್ತಿ ತುಂಬಿದರೆ 25 ದಿನಕ್ಕೆ 225 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆಯ ಮೀಟರಿಗೆ ಗಾಡಿ ಹಚ್ಚುವವರು ಇದನ್ನು ಮೊದಲೇ ಲೆಕ್ಕ ಹಾಕಿರಿ. ಪಂಪ್‌ಸೆಟ್ಟಿನ ಉಚಿತ ಕರೆಂಟಿಗೆ ಗಾಡಿ ಹಚ್ಚಬೇಡಿರಿ. ಅದು ನೀರೆತ್ತಲು ಕೊಟ್ಟದ್ದು.

ಕಾನೂನು ಅಡ್ಡ ಇಲ್ಲ

ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಚಾರ್ಜಿಂಗ್ ಕೇಂದ್ರ ನಡೆಸಲು ಲೈಸೆನ್ಸು ಬೇಡ ಅಂತ ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಹೇಳಿದೆ. ಹೆದ್ದಾರಿಯಲ್ಲಿ 20 ಕಿ.ಮೀ.ಗೆ ಒಂದು ಕೇಂದ್ರ ಇರಬೇಕೆಂಬ ಗುರಿ 2024ರ ಮಾರ್ಗಸೂಚಿಯಲ್ಲಿದೆ. ಅದೇ ವರ್ಷದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಕೇಂದ್ರಗಳಿಗೆಂದೇ 2,000 ಕೋಟಿ ರೂಪಾಯಿ ಇಟ್ಟಿದ್ದಾರೆ.

ಆದರೆ ರೈತನ ಸರಕು ಗಾಡಿಗೆ ಕಾರಿನ ದೊಡ್ಡ ಕೇಂದ್ರ ಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಸವಾಲು, ತೂಕ, ಪಟ್ಟಿ ಅಂತ ಗಾಡಿ ಎರಡು ತಾಸು ಸುಮ್ಮನೆ ನಿಲ್ಲುತ್ತದೆ. ಒಂದೂವರೆ ತಾಸು ಸಾಕೆಟ್ಟಿಗೆ ಹಚ್ಚಿದರೆ 30 ಕಿ.ಮೀ. ಸಿಗುತ್ತದೆ, ಊರು ಮುಟ್ಟಿ ಉಳಿಯುತ್ತದೆ. ಎಪಿಎಂಸಿ, ಸಂತೆ, ಹಾಲಿನ ಡೇರಿ, ಹೀಗೆ ಗಾಡಿ ನಿಲ್ಲುವ ಕಡೆ ಮೀಟರ್ ಇರುವ ನಾಲ್ಕು ಸಾಕೆಟ್ ಹಾಕಿಸಿರಿ ಅಂತ ನಾವು ಕೇಳಬೇಕು. ಕೇಳುವಾಗ ‘ಮೂರು ಗಾಲಿ ಗಾಡಿಗೂ ಆಗುವಂಥದ್ದು’ ಅಂತ ಬಿಡಿಸಿ ಬರೆಯಿರಿ.

ಈಗ ಮಾಡಿಕೊಂಡದ್ದು

ಬಳ್ಳಾರಿಯಲ್ಲಿ ಪರಿಚಯದ ಅಂಗಡಿಯವರನ್ನು ಕೇಳಿಕೊಂಡು, 15 ಆಂಪಿನ ಸಾಕೆಟ್, ಸರಿಯಾದ ಅರ್ಥಿಂಗ್, ಸಬ್‌ಮೀಟರ್ ನಮ್ಮ ಖರ್ಚಿನಲ್ಲೇ ಹಾಕಿಸಿದೆವು. ಮೀಟರ್ ನೋಡಿ ದುಡ್ಡು ಕೊಡ್ತೀವಿ. ಅಂದಿನಿಂದ ಗಾಡಿ ದಾರಿಯಲ್ಲಿ ನಿಂತಿಲ್ಲ. ಬೀಜ ತಡವಾದ ನೆರೆಯವರಿಗೂ ಹೋಗಿ ಹೇಳಿದ್ದೇನೆ. ಈ ಹಿಂಗಾರಿಗೆ ಕರೀತಾರೋ ಏನೋ, ಕಾಯ್ತಾ ಇದ್ದೀವಿ.